ಹುಳದ ಮನೆಯ ತೇವ ಅಳೆದದ್ದು

ನಮ್ಮ ಲ್ಯಾಬಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಟ್ಯಾಂಕಿಗೆ ನೀರು ತುಂಬಿಸುತ್ತಾರೆ, ಇನ್ಯಾರಾದರೊಬ್ಬರು ಆ ನೀರನ್ನು ಕಾಯಿಸುತ್ತಾರೆ. ಮಟ್ಟ ಏರಿದಾಗ ಮೋಟರು ನಿಲ್ಲಬೇಕು, ಬಿಸಿ ಹೆಚ್ಚಿದಾಗ ಹೀಟರು ಆರಬೇಕು. ನಿಂತಿತು, ಆರಿತು, ಚಪ್ಪಾಳೆ, ಮಾರ್ಕ್ಸು. ಡಿಪ್ಲೊಮಾದ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿನ ಹೆಸರು ಹೇಳುವ ದಿನ ನಾವು ಮೂವರೂ ಅದೇ ಟ್ಯಾಂಕಿನ ಮಾತು ಎತ್ತಿಕೊಂಡು ಮೇಡಂ ಮುಂದೆ ನಿಂತಿದ್ದೆವು. ಪ್ರೋಸೆಸ್ ಕಂಟ್ರೋಲು, ಎಲೆಕ್ಟ್ರಾನಿಕ್ ಮಾಪನ ಎರಡನ್ನೂ ನಮಗೆ ಪಾಠ ಮಾಡುತ್ತಿದ್ದವರು ಅವರೇ.

“ಆ ಟ್ಯಾಂಕಿಗೂ ಸಾಕಾಗಿ ಹೋಗಿದೆ,” ಅಂದರು ಮೇಡಂ. “ತಪ್ಪು ಮಾಡಿದರೆ ಯಾರಿಗಾದರೂ ನಷ್ಟ ಆಗುವಂಥದ್ದು ಹುಡುಕಿಕೊಂಡು ಬನ್ನಿ. ಆಗ ಕಲೀತೀರಿ.”

ಕಾಲೇಜಿರುವ ಶ್ರೀರಂಗಪಟ್ಟಣದಿಂದ ನಮ್ಮೂರು ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ಅವತ್ತು ಸಂಜೆ ಇಡೀ ದಾರಿ ಅದನ್ನೇ ಯೋಚಿಸಿದೆ. ನಷ್ಟ ಆಗುವಂಥದ್ದು ನಮ್ಮ ಮನೆಯಲ್ಲೇ ಮಾತಿಗೆ ಬಂತು. ಅಪ್ಪ ಬಡಗಿ. ಬಿಂಡಿಗನವಿಲೆ ಕಡೆಯ ಒಬ್ಬ ಹೆಂಗಸಿಗೆ ರೇಷ್ಮೆ ಹುಳದ ಟ್ರೇ ಇಡುವ ಸ್ಟ್ಯಾಂಡು ಮಾಡಿಕೊಟ್ಟು ಬಂದಿದ್ದರು. ಆಕೆ ನಡೆಸುವುದು ಚಾಕಿ ಕೇಂದ್ರ. ಮೊಟ್ಟೆಯೊಡೆದ ಎಳೆ ಹುಳವನ್ನು ಮೊದಲ ಎರಡು ಹಂತ ತಾನೇ ಸಾಕಿ, ಅವು ಗಟ್ಟಿಯಾದ ಮೇಲೆ ಸುತ್ತಲಿನ ರೈತರಿಗೆ ಕೊಡುವ ಕೆಲಸ. ಆ ಎಳೆ ಹುಳಕ್ಕೆ ಕೋಣೆಯಲ್ಲಿ ತೇವ ಸರಿಯಾಗಿರಬೇಕು. ಕಮ್ಮಿಯಾದರೆ ಕತ್ತರಿಸಿ ಹಾಕಿದ ಹಿಪ್ಪುನೇರಳೆ ಸೊಪ್ಪು ಬಾಡುತ್ತದೆ, ಹುಳ ಬಾಡಿದ್ದನ್ನು ತಿನ್ನುವುದಿಲ್ಲ. ಜಾಸ್ತಿಯಾದರೆ ಹುಳದಡಿಯ ಸೊಪ್ಪಿನ ಹಾಸಿಗೆ ಒದ್ದೆಯಾಗಿ ರೋಗ ಬರುತ್ತದೆ.

“ಆಯಮ್ಮ ದಿನವೆಲ್ಲ ಗೋಣಿಚೀಲ ನೆನೆಸೋದು, ನೇತಾಕೋದು ಇದೇ ಕಣಮ್ಮಿ,” ಅಂದರು ಅಪ್ಪ. “ನಿಮ್ಮ ಮಿಷನ್ನು ಅದ್ನ ಮಾಡೋದಾದ್ರೆ ಕೇಳ್ನೋಡು.”

ಭಾನುವಾರ ಮೂವರೂ ಹೋದೆವು. ನಾನು, ಚಿನಕುರಳಿಯ ಗೆಳತಿ, ಪಟ್ಟಣದ ಹುಡುಗ. ಗೆಳತಿಯ ಮನೆಯಲ್ಲಿ ಹಸು ಇದ್ದವು. ಹಾಲು ಕರೆದು, ಡೇರಿಗೆ ಹಾಕಿ, ಆಮೇಲೆ ಕಾಲೇಜಿಗೆ ಬರುವವಳು. ವೈರಿಂಗಿನಲ್ಲಿ ನಮ್ಮ ಕ್ಲಾಸಿನ ಯಾರೂ ಅವಳ ಸಮ ಇರಲಿಲ್ಲ, ಬಾಯಿಯಲ್ಲಂತೂ ಇಲ್ಲವೇ ಇಲ್ಲ. ಹುಡುಗನದು ಪ್ರೋಗ್ರಾಮು. ಅವನಪ್ಪ ಶ್ರೀರಂಗಪಟ್ಟಣದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟಿದ್ದರು. ಹಳೆಯ ಬಿಡಿಭಾಗ ಏನು ಬೇಕಾದರೂ ಅವನ ಬ್ಯಾಗಿನಲ್ಲಿ ಸಿಗುತ್ತಿತ್ತು.

ಚಾಕಿ ಕೇಂದ್ರದ ಅಕ್ಕ ಬಿ.ಕಾಂ. ಓದಿದವರು. ಗೇಟಿನ ಹತ್ತಿರವೇ ನಮ್ಮನ್ನು ನಿಲ್ಲಿಸಿ ಕೈ ಕಾಲು ತೊಳೆಸಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಪಾದ ಅದ್ದಿಸಿ ಒಳಗೆ ಬಿಟ್ಟರು. ನಾವು ಹೇಳಿದ್ದನ್ನೆಲ್ಲ ಕೇಳಿ ಒಂದೇ ಷರತ್ತು ಹಾಕಿದರು.

“ಹಿಂದ್ಗಡೆ ಒಂದು ಸಣ್ಣ ರೂಮದೆ. ಮೊದ್ಲು ಅಲ್ಲಿ ಬರೀ ಸೊಪ್ಪು ಇಟ್ಟು ತೋರ್ಸಿ. ಬೆಳಗ್ಗೆ ಇಟ್ಟ ಸೊಪ್ಪು ಸಂಜೆಗಂಟ ತಾಜಾ ಇದ್ರೆ ಹುಳ ಬುಡ್ತೀನಿ. ಬಾಡ್ತೋ, ನೀವು ಬಂದ ಬಸ್ಸಿಗೇ ವಾಪಸ್ಸು. ಈ ಹುಳನೆಲ್ಲ ರೈತರು ಆಗ್ಲೇ ಬೇಕು ಅಂತ ಹೇಳ್ಬುಟ್ಟವ್ರೆ. ನಾನು ಅವ್ರಿಗೆ ಮೆಷಿನ್ ಕೆಟ್ಟೋಯ್ತು ಅಂತ ಹೇಳಕ್ಕಾಯ್ತದಾ?”

ಕೆಲಸ ಕಾಗದದ ಮೇಲೆ ಸುಲಭವಿತ್ತು. ತೇವ ಅಳೆಯುವ ಒಂದು ಸೆನ್ಸರು, ಅದನ್ನು ಓದುವ ಒಂದು ಪುಟ್ಟ ಕಂಟ್ರೋಲರು, ಅದು ಹೇಳಿದಂತೆ ಚಾಲು ಬಂದ್ ಆಗುವ ಒಂದು ಫಾಗರು. ಫಾಗರೆಂದರೆ ನೀರನ್ನು ಮಂಜಿನಂತೆ ಉಗುಳುವ ಯಂತ್ರ. ಸೆಟ್ ಪಾಯಿಂಟು, ಅಂದರೆ ಹಿಡಿದಿಡಬೇಕಾದ ತೇವ, ಶೇಕಡ ಎಂಬತ್ತೆಂಟು. ಅದಕ್ಕಿಂತ ಕೆಳಗಿಳಿದರೆ ಮಂಜು, ಮುಟ್ಟಿದರೆ ನಿಲುಗಡೆ. ಉತ್ಸಾಹ ಎಷ್ಟಿತ್ತೆಂದರೆ ಆ ಶನಿವಾರವೇ ಹೋಗಿ ಸೆನ್ಸರನ್ನು ಗೋಡೆಗೆ ಬಡಿದು ಬಂದೆವು. ಅಕ್ಕ ಆ ರೂಮನ್ನು ಬ್ಲೀಚಿಂಗ್ ನೀರಿನಿಂದ ತೊಳೆದು, ಬಾಗಿಲು ಮುಚ್ಚಿ, ಒಂದು ದಿನ ಬಿಟ್ಟರು. ಅದು ಅವರ ಪದ್ಧತಿ.

ಮತ್ತೆ ಹೋಗಿ ಸ್ವಿಚ್ಚು ಹಾಕಿದಾಗ ನಮ್ಮ ಡಿಸ್‌ಪ್ಲೇ ಅರವತ್ತೆಂಟು ತೋರಿಸಿತು. ಅದೇ ರೂಮಿನ ಗೋಡೆಯ ಮೇಲೆ ಅಕ್ಕ ತೂಗುಹಾಕಿದ್ದ ಒಂದು ಮರದ ಹಲಗೆಯಲ್ಲಿ ಅಕ್ಕಪಕ್ಕ ಎರಡು ಗಾಜಿನ ಥರ್ಮಾಮೀಟರು ಇದ್ದವು. ಒಂದರ ಬುಡ ಒಣಗಿರುತ್ತದೆ, ಇನ್ನೊಂದರ ಬುಡಕ್ಕೆ ನೀರಿನಲ್ಲಿ ಅದ್ದಿದ ಬತ್ತಿ ಸುತ್ತಿರುತ್ತದೆ. ಗಾಳಿ ಒಣಗಿದ್ದಷ್ಟೂ ಬತ್ತಿಯ ನೀರು ಬೇಗ ಆರಿ ಅದು ತಂಪಾಗುತ್ತದೆ. ಎರಡರ ವ್ಯತ್ಯಾಸ ನೋಡಿದರೆ ತೇವ ಎಷ್ಟೆಂದು ತಿಳಿಯುತ್ತದೆ. ಆ ಹಲಗೆ ಎಂಬತ್ತೆಂಟು ಅನ್ನುತ್ತಿತ್ತು.

“ನಿಮ್ಮದು ಸುಳ್ಳೇಳ್ತದೆ,” ಅಂದರು ಅಕ್ಕ. “ನಂದು ಐದು ವರ್ಷದಿಂದ ಇಲ್ಲೇ ಅದೆ.”

ಹುಡುಗನಿಗೂ ಹಾಗೇ ಅನ್ನಿಸಿತು. ಪ್ರೋಗ್ರಾಮಿನಲ್ಲಿ ಇಪ್ಪತ್ತು ಕೂಡಿಸಿ ಎರಡನ್ನೂ ಹೊಂದಿಸಿದ. ಎಲ್ಲರಿಗೂ ಸಮಾಧಾನವಾಯಿತು. ಮರುದಿನ ಬೆಳಗ್ಗೆ ಅಕ್ಕ ಸೊಪ್ಪು ಕತ್ತರಿಸಿ ಎರಡು ಟ್ರೇಗೆ ಹರಡಿದರು. ನಾವು ಹೊರಗೆ ಜಗುಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಗೆರೆ ನೋಡುತ್ತಿದ್ದೆವು. ಎಂಬತ್ತೆಂಟರ ಸುತ್ತಮುತ್ತವೇ ಓಡಾಡುತ್ತಿದ್ದ ಚೆಂದದ ಗೆರೆ. ಗೆಳತಿ ಅದರ ಫೋಟೊ ತೆಗೆದು ಮೇಡಂಗೆ ಕಳಿಸಿದಳು.

ಮಧ್ಯಾಹ್ನ ಅಕ್ಕ ಬಾಗಿಲು ತೆಗೆದು ಒಂದು ಹಿಡಿ ಸೊಪ್ಪು ತಂದು ನಮ್ಮ ಮುಂದೆ ಇಟ್ಟರು. ಅಂಚು ಸುರುಟಿಕೊಂಡಿತ್ತು.

“ಗೆರೆ ಚೆನ್ನಾಗದೆ,” ಅಂದರು. “ಸೊಪ್ಪು ನೋಡಿ.”

ಬಸ್ಸಿಗೆ ಕಳಿಸಿಬಿಡುತ್ತಾರೆ ಅಂದುಕೊಂಡೆ. ಆದರೆ ಅವರೂ ಹಣೆ ಗಂಟಿಕ್ಕಿ, ತೆರೆದ ಬಾಗಿಲಿನಿಂದ ಒಳಗಿನ ಗೋಡೆಯ ಹಲಗೆಯನ್ನೇ ನೋಡುತ್ತಿದ್ದರು. ಅದೂ ಎಂಬತ್ತೆಂಟೇ ಹೇಳುತ್ತಿತ್ತಲ್ಲ! ಅವರ ಹಲಗೆ, ನಮ್ಮ ಮೀಟರು ಎರಡೂ ಸೇರಿ ತೇವ ಇದೆ ಅನ್ನುತ್ತಿದ್ದವು. ಸೊಪ್ಪು ಒಂದೇ ಇಲ್ಲ ಅನ್ನುತ್ತಿತ್ತು.

ಮೇಡಂಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. “ನಿಮ್ಮ ಮೀಟರನ್ನ ಯಾವುದಕ್ಕೆ ಹೊಂದಿಸಿದಿರಿ?”

“ಗೋಡೇಲಿರೋದಕ್ಕೆ, ಮೇಡಂ.”

“ಗೋಡೇಲಿರೋದನ್ನ ಯಾವುದಕ್ಕೆ ಹೊಂದಿಸಿದ್ದಾರೆ?”

ಅವರು ಫೋನಿಟ್ಟರು. ಅವರ ಪಾಠದ ಕ್ರಮವೇ ಅದು. ಪ್ರಶ್ನೆ ಕೈಗಿಟ್ಟು ಹೋಗಿಬಿಡುವುದು.

ಮಾಪನದ ಪಾಠದಲ್ಲಿ ಕ್ಯಾಲಿಬ್ರೇಶನ್ ಅಂತ ಒಂದು ಅಧ್ಯಾಯ. ಯಾವ ಉಪಕರಣವನ್ನೂ ಅದರ ಮಾತಿನ ಮೇಲೆ ನಂಬಬಾರದು, ಯಾರಿಗೂ ಬಾಗದ ಒಂದು ಗುರುತಿನ ಎದುರು ನಿಲ್ಲಿಸಬೇಕು ಅನ್ನುವುದು ಅದರ ಸಾರ. ಉಷ್ಣಾಂಶಕ್ಕಾದರೆ ಕರಗುವ ಮಂಜುಗಡ್ಡೆ ಇದೆ. ತೇವಕ್ಕೆ? ಹೌದು, ತೇವಕ್ಕೂ ಒಂದಿತ್ತು. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟರೆ ಒಳಗಿನ ಗಾಳಿಯ ತೇವ ಶೇಕಡ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆಯೆಂದು ಬಾಯಿಪಾಠ ಮಾಡಿದ್ದೆ. ಮಾಡಿ ನೋಡಬಹುದೆಂದು ಹೊಳೆದಿರಲಿಲ್ಲ.

“ಅಕ್ಕ, ಒಂದಿಷ್ಟು ಉಪ್ಪು ಕೊಡಿ,” ಅಂದೆ.

“ಊಟಕ್ಕೆ ಇನ್ನೂ ಹೊತ್ತದೆ ಕಣವ್ವ.”

“ಊಟಕ್ಕಲ್ಲ. ಮೀಟರಿಗೆ.”

ಗೆಳತಿ ಬಿದ್ದು ಬಿದ್ದು ನಕ್ಕಳು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಉಪ್ಪು ಹಾಕಿ, ಕಲಸಿದ ಹಿಟ್ಟಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ, ಉಪ್ಪಿಗೆ ತಾಗದ ಹಾಗೆ ಸೆನ್ಸರನ್ನು ಒಳಗೆ ನೇತುಹಾಕಿದೆವು. ವೈರು ಹೊರಬರುವ ತೂತಿಗೆ ಮೇಣ ಮೆತ್ತಿದೆವು. ಇಪ್ಪತ್ತು ಕೂಡಿಸಿದ್ದನ್ನು ಹುಡುಗ ತೆಗೆದುಹಾಕಿದ. ಸಂಜೆಯ ಹೊತ್ತಿಗೆ ಅಂಕಿ ನಿಂತಲ್ಲೇ ನಿಂತಿತು. ಅರವತ್ತಮೂರು.

ಎಪ್ಪತ್ತೈದು ಇರಬೇಕಾದ ಕಡೆ ಅರವತ್ತಮೂರು. ನಮ್ಮದು ಹನ್ನೆರಡರಷ್ಟು ಕಡಿಮೆ ಹೇಳುತ್ತಿತ್ತು. ಹಾಗಾದರೆ ಮೊದಲ ದಿನ ಅದು ಅರವತ್ತೆಂಟು ಅಂದಾಗ ಕೋಣೆಯಲ್ಲಿ ನಿಜವಾಗಿ ಇದ್ದದ್ದು ಎಂಬತ್ತು. ಅಕ್ಕನ ಹಲಗೆ ಎಂಟು ಜಾಸ್ತಿ ಹೇಳಿತ್ತು. ಅದನ್ನು ನಂಬಿ ನಾವು ಕೋಣೆಯನ್ನು ಇಡೀ ದಿನ ಎಂಬತ್ತರಲ್ಲೇ ಹಿಡಿದು ಕೂತಿದ್ದೆವು.

“ಅರೆ ಯಾರ್, ಇಬ್ರೂ ತಪ್ಪಾ!” ಅಂದ ಹುಡುಗ.

ಅಕ್ಕ ಸ್ಟೂಲು ಹಾಕಿಕೊಂಡು ಹಲಗೆ ಇಳಿಸಿದರು. ಬತ್ತಿ ಮುಟ್ಟಿ ನೋಡಿದೆ. ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬೋರ್‌ವೆಲ್ಲಿನ ಗಡಸು ನೀರು ಆರಿ ಆರಿ ಸುಣ್ಣ ಕಟ್ಟಿತ್ತು. ನೀರು ಮೇಲೇರುತ್ತಿಲ್ಲ, ಆರುತ್ತಿಲ್ಲ, ಥರ್ಮಾಮೀಟರು ತಂಪಾಗುತ್ತಿಲ್ಲ. ಹಾಗಾಗಿ ಗಾಳಿಯಲ್ಲಿ ಯಾವಾಗಲೂ ತೇವ ಇದೆ ಎಂದೇ ಲೆಕ್ಕ. ನಮ್ಮ ಸೆನ್ಸರು ಕೆಟ್ಟದ್ದಕ್ಕೆ ಕಾರಣ ಹುಡುಕಿದ್ದು ಗೆಳತಿ. ಅದನ್ನು ಮೂಗಿನ ಹತ್ತಿರ ತಂದವಳೇ ಮುಖ ಕಿವುಚಿದಳು. ಬ್ಲೀಚಿಂಗ್ ವಾಸನೆ. ತೊಳೆದು ಮುಚ್ಚಿದ ಕೋಣೆಯಲ್ಲಿ ಒಂದು ದಿನವೆಲ್ಲ ಅದೇ ಗಾಳಿ ಕುಡಿದಿತ್ತು.

ಆವತ್ತು ವಾಪಸ್ಸು ಬರುವಾಗ ನಾಗಮಂಗಲ ಬಸ್ ಸ್ಟ್ಯಾಂಡಿನಲ್ಲಿ ನಮ್ಮೊಳಗೆ ಜಗಳವಾಯಿತು. ಹುಡುಗನ ವಾದ ಸರಿಯಾಗಿಯೇ ಇತ್ತು. ಇಪ್ಪತ್ತಿನ ಬದಲು ಹನ್ನೆರಡು ಕೂಡಿಸಿದರೆ ಕೆಲಸ ಮುಗಿಯಿತು. ಇಲ್ಲವೇ ಕಾಲೇಜಿನಲ್ಲೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಾಡಿ ತೋರಿಸಿದರೂ ಮಾರ್ಕು ಬರುತ್ತದೆ.

“ಅಕ್ಕ ಮುಂದಿನ ಬೆಳೆಗೆ ಮತ್ತೆ ತೊಳೀತಾರೆ,” ಅಂದೆ. “ಆಗ ಹನ್ನೆರಡು ಹದಿನೆಂಟಾಗುತ್ತೆ. ನಮಗೆ ಯಾರು ಹೇಳ್ತಾರೆ?”

“ಹಂಗಂತ ಎಲ್ಲಾ ಬಿಚ್ಚಿ ಹಾಕೋದಾ? ಇನ್ನೆಷ್ಟು ದಿನ ಇದೆ?”

“ಲೋ, ಮೇಡಂ ಏನಂದ್ರು? ತಪ್ಪಾದ್ರೆ ನಷ್ಟ ಆಗೋದು ಬೇಕು ಅಂದ್ರು,” ಗೆಳತಿ ನಡುವೆ ಬಾಯಿ ಹಾಕಿದಳು. “ಸಿಕ್ತಲ್ಲ, ಅನುಭವ್ಸು.”

ನನ್ನ ತಲೆಯಲ್ಲಿ ಅಕ್ಕನ ಹಲಗೆಯೇ ಇತ್ತು. ಆ ವಿಧಾನದಲ್ಲಿ ದೋಷವಿರಲಿಲ್ಲ, ಬತ್ತಿಯಲ್ಲಿತ್ತು. ಗಾಜಿನ ಥರ್ಮಾಮೀಟರಿನ ಬದಲು ಎರಡು ಎಲೆಕ್ಟ್ರಾನಿಕ್ ಉಷ್ಣಾಂಶದ ಪ್ರೋಬು ಇಟ್ಟರೆ? ಸ್ಟೀಲಿನ ಕೊಳವೆಯೊಳಗಿನ ಪ್ಲಾಟಿನಂ ತಂತಿಗೆ ಬ್ಲೀಚಿಂಗ್ ಏನೂ ಮಾಡುವುದಿಲ್ಲ. ಕೆಡುವುದೇನಿದ್ದರೂ ಬತ್ತಿ, ಅದನ್ನು ಅಕ್ಕನೇ ಬದಲಾಯಿಸಿಕೊಳ್ಳಬಹುದು. ದುಬಾರಿ ಸೆನ್ಸರನ್ನು ಕೈಬಿಟ್ಟು ಹೀಗೆ ಮಾಡೋಣವೆಂದೆ. ಅಷ್ಟರಲ್ಲಿ ಬಸ್ಸು ಬಂತು. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟ ಹುಡುಗ ತಿರುಗಿ, “ಬತ್ತಿಗೆ ಗಾಳಿ ಬೇಕು. ನಮ್ಮಂಗಡೀಲಿ ಹಳೇ ಕಂಪ್ಯೂಟರ್ ಫ್ಯಾನ್ ಅದೆ, ತರ್ತೀನಿ,” ಅಂದ.

ಅಪ್ಪ ಬೀಟೆ ಮರದ ಚೂರುಗಳಲ್ಲಿ ಗಾಳಿ ಆಡುವ ಪಟ್ಟಿ ಪಟ್ಟಿ ಪೆಟ್ಟಿಗೆ ಮಾಡಿಕೊಟ್ಟರು. ಒಳಗೆ ಎರಡು ಪ್ರೋಬು, ಒಂದಕ್ಕೆ ಹತ್ತಿಯ ಬತ್ತಿ, ಅದರ ಬುಡಕ್ಕೆ ನೀರಿನ ಪುಟ್ಟ ಬಾಟಲಿ, ಹಿಂದೆ ಫ್ಯಾನು. ಬೋರ್‌ವೆಲ್ ನೀರು ಬೇಡವೆಂದು ಊರ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದೆವು. ಲ್ಯಾಬಿನಿಂದ ಇನ್ನೊಂದು ಹೊಸ ಸೆನ್ಸರು ಎರವಲು ತಂದು, ಉಪ್ಪಿನ ಡಬ್ಬಿಯಲ್ಲಿ ಅದು ಎಪ್ಪತ್ತೈದು ಅನ್ನುವುದನ್ನು ನೋಡಿಕೊಂಡು, ಅದರ ಪಕ್ಕ ನಮ್ಮ ಪೆಟ್ಟಿಗೆ ನಿಲ್ಲಿಸಿದೆವು. ಎರಡೂ ಹೆಚ್ಚುಕಮ್ಮಿ ಒಂದೇ ಮಾತಾಡಿದವು. ಗೆಳತಿ ಪೆಟ್ಟಿಗೆಗೆ ಕುಂಕುಮ ಇಟ್ಟಳು.

ಅಳತೆ ಸರಿಯಾಯಿತು, ಈಗ ನಿಯಂತ್ರಣ ಕೈ ಕೊಟ್ಟಿತು. ಮೊದಲ ಸಲ ಕೋಣೆ ತಾನಾಗಿಯೇ ಎಂಬತ್ತರ ಹತ್ತಿರ ಇದ್ದುದರಿಂದ ಫಾಗರಿಗೆ ಹೆಚ್ಚು ಕೆಲಸವಿರಲಿಲ್ಲ, ಈಗ ನಿಜವಾದ ಎಂಬತ್ತೆಂಟಕ್ಕೆ ಏರಿಸಬೇಕಿತ್ತು. ಫಾಗರು ಒಂದು ಮೂಲೆಯಲ್ಲಿ, ಪೆಟ್ಟಿಗೆ ಎದುರು ಗೋಡೆಯಲ್ಲಿ. ತೇವ ಇಳಿಯಿತೆಂದು ಫಾಗರು ಶುರುವಾಗುತ್ತಿತ್ತು. ಮಂಜು ಹೊರಟು, ನಿಧಾನವಾಗಿ ಕೋಣೆ ದಾಟಿ, ಎದುರು ಗೋಡೆ ಮುಟ್ಟುವಷ್ಟರಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಾಲು ಉಗುಳಿಯಾಗಿರುತ್ತಿತ್ತು. ಫಾಗರು ನಿಂತ ಮೇಲೂ ಅಂಕಿ ಏರುತ್ತಲೇ ಇತ್ತು. ಹತ್ತಿರದ ಟ್ರೇ ಮೇಲೆ ನೀರ ಹನಿ. ಮತ್ತೆ ಒಣಗಿ ಕೆಳಗಿಳಿದಾಗ ಮತ್ತೆ ಅದೇ ಆಟ. ಲ್ಯಾಪ್‌ಟಾಪಿನ ಗೆರೆ ಉಯ್ಯಾಲೆಯಾಡುತ್ತಿತ್ತು.

ಆ ಮಂಜು ಕೋಣೆ ದಾಟುವುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದೆ. ಮೇಡಂ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದ ಡೆಡ್ ಟೈಮು ಅನ್ನುವುದು ಕಣ್ಣೆದುರು ಬೆಳ್ಳಗೆ ತೇಲಿಕೊಂಡು ಹೋಗುತ್ತಿತ್ತು. ಮಾಡಿದ ಕೆಲಸದ ಫಲ ಕಾಣುವ ತನಕ ನಡುವೆ ಇರುವ ಹೊತ್ತು ಅದು. ಆ ಹೊತ್ತಿನಲ್ಲಿ ಕಂಟ್ರೋಲರು ಕುರುಡು. ಏನೂ ಆಗಿಲ್ಲ ಅಂದುಕೊಂಡು ಇನ್ನಷ್ಟು ಸುರಿಯುತ್ತದೆ. ಸೂತ್ರದಲ್ಲಿ ಒಂದು ಗ್ರೀಕ್ ಅಕ್ಷರವಾಗಿ ಮಾತ್ರ ಕಂಡಿದ್ದ ಅದನ್ನು ಮುಟ್ಟಬಹುದಿತ್ತು, ಕೈ ಒದ್ದೆಯಾಗುತ್ತಿತ್ತು.

ಗೆಳತಿಯನ್ನು ಕರೆದು ತೋರಿಸಿದೆ. “ಓ, ಕರೂಗೆ ಹಾಲು ಕುಡ್ಸ್ದಂಗೆ,” ಅಂದಳು. “ಒಂದೇ ಸಲ ಸುರಿಬಾರ್ದು. ಒಂದು ಗುಟುಕು ಕೊಟ್ಟು, ನುಂಗಕ್ಕೆ ಬುಟ್ಟು, ಆಮೇಲೆ ಇನ್ನೊಂದು.”

ಹುಡುಗ ಅದನ್ನೇ ಪ್ರೋಗ್ರಾಮಿಗೆ ಇಳಿಸಿದ. ಪುಟ್ಟದೊಂದು ಮಂಜಿನ ಗುಟುಕು, ಅದು ಕೋಣೆಯೆಲ್ಲ ಹರಡುವಷ್ಟು ಹೊತ್ತು ಕಾಯುವುದು, ಎಷ್ಟು ಕೊರತೆ ಉಳಿದಿದೆಯೋ ಅದಕ್ಕೆ ತಕ್ಕ ಇನ್ನೊಂದು ಗುಟುಕು. ಪೆಟ್ಟಿಗೆಯನ್ನು ಎದುರು ಗೋಡೆಯಿಂದ ಕಿತ್ತು ಟ್ರೇಗಳ ನಡುವೆ ತಂದೆವು. ಉಯ್ಯಾಲೆ ನಿಂತಿತು. ಮರುದಿನ ಅಕ್ಕ ಬೆಳಗ್ಗೆ ಇಟ್ಟ ಸೊಪ್ಪನ್ನು ಸಂಜೆ ಎತ್ತಿ, ಮಡಚಿದರು. ಟಪ್ಪೆಂದು ಮುರಿಯಿತು.

“ಹುಳ ಬುಡ್ತೀನಿ,” ಅಂದರು.

ಎಳೆ ಹುಳ ಮೊದಲ ಸಲ ನೋಡಿದೆ. ಕರಿ ಎಳ್ಳು ಚೆಲ್ಲಿ ಅದಕ್ಕೆ ಜೀವ ಕೊಟ್ಟ ಹಾಗಿತ್ತು. ಅಕ್ಕ ಕೋಳಿಯ ಗರಿಯಿಂದ ಅವನ್ನು ಟ್ರೇಗೆ ಗುಡಿಸಿ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದರು. ಅಲ್ಲಿಂದ ಮೂವರಿಗೂ ಕಾಲೇಜಿನಲ್ಲಿ ಮನಸ್ಸು ನಿಲ್ಲಲಿಲ್ಲ. ಸರದಿಯ ಮೇಲೆ ಬಂದು ಹೋಗುತ್ತಿದ್ದೆವು. ನಾನು ನಾಗಮಂಗಲದವಳಾದ್ದರಿಂದ ನನ್ನ ಸರದಿಯೇ ಜಾಸ್ತಿ.

ಒಂದು ಬೆಳಗ್ಗೆ ಕ್ಲಾಸು ನಡೆಯುತ್ತಿರುವಾಗ ಹುಡುಗನ ಫೋನಿಗೆ ಅಕ್ಕನ ಕರೆ ಬಂತು. ಕಾರಿಡಾರಿಗೆ ಹೋಗಿ ಮಾತಾಡಿ ಬಂದವನ ಮುಖ ಬೆಳ್ಳಗಾಗಿತ್ತು.

“ಹುಳಕ್ಕೆಲ್ಲ ಜ್ವರ ಬಂದದೆ ಅಂತೆ! ತಿನ್ನೋದು ಬಿಟ್ಟವೆ ಅಂತೆ! ಬೇಗ ತೇವ ಇಳಿಸಿ ಅಂದ್ರು.”

ಯಾವ ಪ್ರೋಬು ಹೋಯಿತೋ, ಯಾವ ವೈರು ಸಡಿಲವಾಯಿತೋ! ಮೂವರೂ ಮೇಡಂ ಹತ್ತಿರ ಅನುಮತಿ ಕೇಳಿ ಓಡಿದೆವು. ದಾರಿಯುದ್ದಕ್ಕೂ ಹುಡುಗ ಪ್ರೋಗ್ರಾಮಿನ ಸಾಲು ಸಾಲು ಓದಿಕೊಂಡು ತಪ್ಪು ಹುಡುಕುತ್ತಿದ್ದ. ಪಾಂಡವಪುರ ದಾಟುವಾಗ, “ಆ ರೈತರಿಗೆ ಏನಂತ ಹೇಳೋದು?” ಅಂತ ತನ್ನನ್ನೇ ಕೇಳಿಕೊಂಡ.

ಹೋಗಿ ನೋಡಿದರೆ ಅಕ್ಕ ಹಾಯಾಗಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಏನ್ರಪ್ಪಾ, ಮೂರೂ ಜನ ಬಂದ್ಬುಟ್ರಿ?”

“ಅಕ್ಕಾ, ಜ್ವರ...”

“ಊ ಕಣೋ, ಜ್ವರಕ್ಕೆ ಕೂತವೆ. ಪೊರೆ ಬುಡ್ತವೆ. ಅಂಗಂದ್ರೆ ಚರ್ಮ ಕಳಚೋದು. ಆಗ ತಿನ್ನಲ್ಲ, ಅಲ್ಲಾಡಲ್ಲ. ರೂಮು ಒಣಗಿರಬೇಕು. ತೇವ ಇಳ್ಸಕ್ಕೆ ಯಾವ್ ಬಟನ್ನು ಒತ್ತೋದು ಅಂತ ಕೇಳಕ್ಕೆ ಫೋನ್ ಮಾಡಿದ್ದು. ಇವನು ಅರ್ಧಕ್ಕೇ ಕಟ್ ಮಾಡ್ಬುಟ್ಟ!”

ಗೆಳತಿ ಅಲ್ಲೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹುಡುಗ ಮೊದಲು ಸಿಟ್ಟಾದ, ಆಮೇಲೆ ಅವನೂ ನಕ್ಕ. ನಗು ನಿಂತ ಮೇಲೆ ನಮಗೆ ಹೊಸ ಕೆಲಸವೊಂದು ಕಂಡಿತು. ಒಂದೇ ಸೆಟ್ ಪಾಯಿಂಟು ಸಾಲದು. ತಿನ್ನುವಾಗ ಎಂಬತ್ತೆಂಟು, ಜ್ವರದಲ್ಲಿ ಎಪ್ಪತ್ತು. ಅದನ್ನು ಬದಲಿಸುವುದು ಅಕ್ಕನ ಕೈಯಲ್ಲಿರಬೇಕು. ಪೆಟ್ಟಿಗೆಯ ಮುಂದೆ ಎರಡು ದೊಡ್ಡ ಗುಂಡಿ ಕೂರಿಸಿದೆವು, ಹಸಿರು, ಕೆಂಪು. ಹಸಿರು ಊಟಕ್ಕೆ, ಕೆಂಪು ಜ್ವರಕ್ಕೆ. ಕೆಂಪು ಒತ್ತಿದರೆ ಫಾಗರು ಸುಮ್ಮನಾಗಿ, ಕಿಟಕಿಗೆ ಕೂರಿಸಿದ ಇನ್ನೊಂದು ಫ್ಯಾನು ತಿರುಗಿ ಕೋಣೆಯನ್ನು ಒಣಗಿಸಬೇಕು. ಗೆಳತಿ ಅವತ್ತೇ ವೈರೆಳೆದಳು.

ಎರಡನೆಯ ಜ್ವರದಿಂದ ಹುಳ ಏಳುವ ದಿನವೇ ಪ್ರಾಜೆಕ್ಟು ನೋಡಲು ಮೇಡಂ ಬಂದರು. ಬಿಂಡಿಗನವಿಲೆ ಬಸ್ಸಿಳಿದು ಕೊಡೆ ಹಿಡಿದುಕೊಂಡು ನಡೆದು ಬಂದವರನ್ನು ಅಕ್ಕ ಬಿಡಲಿಲ್ಲ, ಅವರ ಪಾದವನ್ನೂ ಬ್ಲೀಚಿಂಗ್ ನೀರಿಗೆ ಅದ್ದಿಸಿದರು. ಮೇಡಂ ಪೆಟ್ಟಿಗೆ ಬಿಚ್ಚಿಸಿ, ಬತ್ತಿ ಮುಟ್ಟಿ, ಗೆರೆಗಳನ್ನೆಲ್ಲ ಹಿಂದಕ್ಕೆ ಎಳೆದು ನೋಡಿದರು. ಉಯ್ಯಾಲೆಯಾಡಿದ ದಿನದ ಗೆರೆ ಬಂದಾಗ ಹುಡುಗ ಬೇಗ ಬೇಗ ಮುಂದಕ್ಕೆ ಸರಿಸಲು ಹೋದ.

“ನಿಲ್ಲಿಸು,” ಅಂದರು. “ಇದನ್ನ ರಿಪೋರ್ಟಿನಲ್ಲಿ ಮೊದಲು ಹಾಕಿ. ಚೆನ್ನಾಗಿರೋದನ್ನ ಯಾರು ಬೇಕಾದರೂ ಹಾಕ್ತಾರೆ.”

ಆಮೇಲೆ ಅಕ್ಕನ ಕಡೆ ತಿರುಗಿ, “ನಿಮಗೆ ಇದರಿಂದ ಏನಾದರೂ ಉಪಯೋಗ ಆಯಿತಾ? ದಾಕ್ಷಿಣ್ಯ ಬೇಡ, ಹೇಳಿ,” ಅಂದರು.

ಅಕ್ಕ ನಮ್ಮೆಲ್ಲರನ್ನೂ ಸಣ್ಣ ರೂಮಿಗೆ ಕರೆದುಕೊಂಡು ಹೋದರು. ಟ್ರೇ ಮೇಲೆ ಹೊದಿಸಿದ್ದ ಕಾಗದ ಸರಿಸಿದರು. ಜ್ವರದಲ್ಲಿ ತಲೆಯೆತ್ತಿ ಕಲ್ಲಿನಂತೆ ಕೂತಿದ್ದ ಹುಳಗಳೆಲ್ಲ ಪೊರೆ ಕಳಚಿ, ಹೊಸ ಬೂದು ಮೈಯಲ್ಲಿ ಸೊಪ್ಪು ಹುಡುಕಿಕೊಂಡು ತಲೆ ಆಡಿಸುತ್ತಿದ್ದವು. ಹಿಂದೆ ಬಿದ್ದದ್ದು, ಇನ್ನೂ ಮಲಗಿದ್ದದ್ದು ಒಂದೋ ಎರಡೋ. ಅಂಚಿನಿಂದ ಅಂಚಿಗೆ ಒಂದೇ ಗಾತ್ರ.

“ನಂ ದೊಡ್ಡ ರೂಮಲ್ಲಿ ಅರ್ಧ ಎದ್ದಿರ್ತವೆ, ಅರ್ಧ ಮಲಗಿರ್ತವೆ,” ಅಂದರು ಮೇಡಂಗೆ. “ಎದ್ದವಕ್ಕೆ ಹಸಿವು, ಮಲಗಿದ್ದವಕ್ಕೆ ಜ್ವರ. ಯಾರಿಗೆ ಅಂತ ನೋಡ್ಲಿ? ಇವು ನೋಡಿ, ಒಂದೇ ತಾಯಿ ಮಕ್ಕಳಂಗೆ ಒಟ್ಟಿಗೇ ಎದ್ದವೆ.”

ಮೇಡಂ ಬಗ್ಗಿ ತುಂಬ ಹೊತ್ತು ನೋಡಿದರು. ನನ್ನ ಮೊಣಕೈ ಒತ್ತಿ ಹಿಡಿದಿದ್ದರು. ಹಿಡಿದಿರುವುದು ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅಕ್ಕ ಹಸಿರು ಗುಂಡಿ ಒತ್ತಿದರು. ಮೂಲೆಯಿಂದ ಮೊದಲ ಗುಟುಕು ಮಂಜು ಹೊರಟಿತು. ಹೆಚ್ಚಿದ ಸೊಪ್ಪಿನ ಬುಟ್ಟಿ ತಂದು ಟ್ರೇ ಮೇಲೆ ಉದುರಿಸುತ್ತ ಹೋದರು, ನಾವು ಮೂವರು ಮುಂದೆ ಮುಂದೆ ಕಾಗದ ಎತ್ತಿ ಹಿಡಿದೆವು. ಕೊನೆಯ ಟ್ರೇ ಮುಗಿಯುವಷ್ಟರಲ್ಲಿ ಮೊದಲ ಟ್ರೇಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಾಣತೊಡಗಿದ್ದವು.

“ಅವು ತಿನ್ತಾ ಅವೆ,” ಅಂದರು ಅಕ್ಕ ಬುಟ್ಟಿ ಕೊಡವಿ. “ಇಲ್ಲಿ ಇನ್ನೇನ್ ಕೆಲ್ಸ? ಬನ್ನಿ ಮೇಡಂ, ಬನ್ರೋ, ಮುದ್ದೆ ಆರೋಯ್ತದೆ.”

ಬಾಗಿಲು ಮುಚ್ಚಿ ಎಲ್ಲರೂ ಊಟಕ್ಕೆ ಹೋದೆವು. ಗೋಣಿಚೀಲ ನೆನೆಸುತ್ತ ಕೋಣೆಯನ್ನು ನೋಡಿಕೊಳ್ಳಲು ಯಾರೂ ಉಳಿಯಬೇಕಾಗಿರಲಿಲ್ಲ.